ಡೆಂಗ್ಯೂ, ಲೆಪ್ಟೋ (ಇಲಿಜ್ವರ) ಎರಡೂ ನೆಗೆಟಿವ್, ಪ್ಲೇಟ್‌ಲೆಟ್ ಕಡಿಮೆ. ಅಪ್ಪನಿಗೆ ಯಾವ ಜ್ವರ?

ಜ್ವರ ಬಂದು ನಾಲ್ಕು ದಿನ, ಪ್ಲೇಟ್‌ಲೆಟ್ 90 ಸಾವಿರ, ಮುಂದೆ ಯಾವ ಟೆಸ್ಟ್ ಮಾಡಿಸಲಿ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ನಮ್ಮ ಮನೆಯಲ್ಲಿ ಆದದ್ದೂ ಇದೇ.

ನಾನು ಉಡುಪಿಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಈ ಕೆಲಸದಲ್ಲಿ 14 ವರ್ಷ ಆಯಿತು. ಬ್ರಹ್ಮಾವರದ ಹತ್ತಿರ ನಮಗೆ ಸ್ವಲ್ಪ ಗದ್ದೆ ಇದೆ. ಜುಲೈಯಲ್ಲಿ ನಾಟಿ ಮುಗಿದು ಹತ್ತು ದಿನಕ್ಕೆ ಅಪ್ಪನಿಗೆ ಚಳಿಜ್ವರ ಶುರುವಾಯಿತು. ಮೈಕೈ ನೋವು, ತಲೆನೋವು. ಮೂರನೇ ದಿನ ನಾನೇ ರಕ್ತ ತೆಗೆದು ನಾನೇ ಟೆಸ್ಟ್ ಮಾಡಿದೆ. ಪ್ಲೇಟ್‌ಲೆಟ್ 96 ಸಾವಿರ. ಮಲೇರಿಯಾ ಇಲ್ಲ. ಡೆಂಗ್ಯೂವಿನ ಎನ್‌ಎಸ್1 ಟೆಸ್ಟ್ ನೆಗೆಟಿವ್. ಆಮೇಲೆ ಲೆಪ್ಟೋ ಐಜಿಎಂ ಟೆಸ್ಟ್ ಕಾರ್ಡಿಗೆ ಸೀರಂ (ರಕ್ತದ ತಿಳಿನೀರು) ಹಾಕಿ ಕಾದು ಕುಳಿತೆ. ‘ಸಿ’ ಹತ್ತಿರ ಒಂದು ಕೆಂಪು ಗೆರೆ ಮೂಡಿತು, ಅಂದರೆ ಕಾರ್ಡು ಕೆಲಸ ಮಾಡುತ್ತಿದೆ. ಪಾಸಿಟಿವ್ ಆದರೆ ಗೆರೆ ಬರಬೇಕಾದ ಇನ್ನೊಂದು ಜಾಗ ಬೆಳ್ಳಗೇ ಉಳಿಯಿತು. ಮೊಬೈಲ್ ಟಾರ್ಚ್ ಹಿಡಿದು ನೋಡಿದರೂ ಗೆರೆ ಇಲ್ಲ.

ಅಬ್ಬ, ಇಲಿಜ್ವರ ಅಲ್ಲ ಅಂದುಕೊಂಡೆ. ನಾನು ತಪ್ಪಿದ್ದು ಇಲ್ಲೇ. ಆ ಕಾರ್ಡು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ರಕ್ತದಲ್ಲಿ ಸಿಗುವಷ್ಟಾಗಲು ಜ್ವರ ಶುರುವಾಗಿ ಐದಾರು ದಿನ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಂದರೆ ಮೂರನೇ ದಿನದ ನೆಗೆಟಿವ್‌ಗೆ ‘ಇನ್ನೂ ಗೊತ್ತಿಲ್ಲ’ ಅಂತ ಅರ್ಥ. ನಾನು ಅದನ್ನು ‘ಇಲ್ಲ’ ಅಂತ ಓದಿದೆ. ನನಗೆ ಗೊತ್ತಿಲ್ಲದ ವಿಷಯವೇ ಇದು? ಬೇರೆ ಯಾರದೋ ಅಪ್ಪ ಆಗಿದ್ದರೆ ‘ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಮಾಡಿಸಿ’ ಅಂತಿದ್ದೆ. ನಮ್ಮ ಅಪ್ಪನಿಗೆ ಅದು ಬರಬಾರದು ಅಂತ ಮನಸ್ಸಿನಲ್ಲಿತ್ತು, ಅದಕ್ಕೇ ಖಾಲಿ ಜಾಗವನ್ನು ಅಷ್ಟು ಬೇಗ ನಂಬಿದೆ. ಡಾಕ್ಟರಿಗೆ ಫೋನಿನಲ್ಲಿ ಹೇಳಿದ್ದೂ ಅಷ್ಟೇ: ‘ಲೆಪ್ಟೋ ನೆಗೆಟಿವ್, ಡಾಕ್ಟ್ರೇ.’ ಎಷ್ಟನೇ ದಿನದ ರಕ್ತ ಅಂತ ಹೇಳಲಿಲ್ಲ. ಇಲಿಜ್ವರ ಬರುವುದು ಹೆಚ್ಚಾಗಿ ಇಲಿ ಮೂತ್ರ ಸೇರಿದ ಕೆಸರುನೀರಿನಿಂದ, ಗಾಯದ ಮೂಲಕ; ಆದರೂ ನಾಟಿಯ ಮಾತೇ ಎತ್ತಲಿಲ್ಲ. ಬಿಳಿ ರಕ್ತಕಣ 13,200 ಇತ್ತು. ಡೆಂಗ್ಯೂ ಆದರೆ ಅದು ಸಾಮಾನ್ಯವಾಗಿ ಇಳಿಯುತ್ತದೆ, ಏರುವುದಿಲ್ಲ. ಅದನ್ನೂ ಹೇಳಲಿಲ್ಲ. ವೈರಲ್ ಇರಬೇಕು ಅಂತ ಮನೆಯಲ್ಲೇ ಗಂಜಿ, ಪಪ್ಪಾಯಿ ಎಲೆ ರಸ ಕೊಡುತ್ತಾ ಎರಡು ದಿನ ಕಳೆದೆವು.

ಐದನೇ ದಿನ ಸಂಜೆ ಅಪ್ಪನ ಕಣ್ಣು ಕೆಂಪಗಾಗಿತ್ತು. ಪಿಸರು ಇಲ್ಲ, ನೀರು ಸುರಿಯುವುದೂ ಇಲ್ಲ, ಬರೀ ಕೆಂಪು, ಅಂಚಿನಲ್ಲಿ ಹಳದಿ. ಬೆಳಗಿನಿಂದ ಮೂತ್ರ ಹೋದದ್ದು ಒಂದೇ ಸಲ. ಆಸ್ಪತ್ರೆಯಲ್ಲಿ ಡಾಕ್ಟರು ರಿಪೋರ್ಟ್ ಬದಿಗಿಟ್ಟು ಮೊದಲು ಅಪ್ಪನ ಮೀನಖಂಡ ಒತ್ತಿದರು. ‘ಅಯ್ಯೋ, ಒತ್ತಬೇಡಿ ಮಾರಾಯ್ರೆ!’ ಅಂತ ಅಪ್ಪ ಕಾಲು ಎಳೆದುಕೊಂಡರು. ಕಾಲ್ಬೆರಳ ಸಂದಿನಲ್ಲಿ ಕೆಸರಿಗೆ ಕೊಳೆತ ಗಾಯ ಇತ್ತು. ‘ಗದ್ದೆ ಕೆಲಸವಾ?’ ಅಂತ ಕೇಳಿದರು, ಅಷ್ಟೇ. ಇನ್ನೊಂದು ಟೆಸ್ಟಿಗೆ ಕಾಯದೆ ಆಗಲೇ ಪೆನ್ಸಿಲಿನ್ ಶುರು ಮಾಡಿದರು. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ 4.1 ಬಂತು, ಬಹಳ ಜಾಸ್ತಿ. ಕಾಮಾಲೆ ತೋರಿಸುವ ಬಿಲಿರುಬಿನ್ 6.8, ಆದರೆ ಲಿವರಿಗೆ ಆದ ಪೆಟ್ಟು ತೋರಿಸುವ ಎಸ್‌ಜಿಪಿಟಿ ಬರೀ 92. ವೈರಸ್‌ನಿಂದ ಬರುವ ಲಿವರ್ ಉರಿಯೂತ (ಹೆಪಟೈಟಿಸ್) ಆದರೆ ಎಸ್‌ಜಿಪಿಟಿ ಸಾಮಾನ್ಯವಾಗಿ ಸಾವಿರದ ಲೆಕ್ಕಕ್ಕೆ ಹೋಗುತ್ತದೆ. ಎಂಟನೇ ದಿನ ಅದೇ ಲೆಪ್ಟೋ ಕಾರ್ಡಿನಲ್ಲಿ ಎರಡನೇ ಗೆರೆ ದಪ್ಪಗೆ ಬಂತು. ಅಷ್ಟರಲ್ಲಿ ಅಪ್ಪನಿಗೆ ಎರಡು ಡಯಾಲಿಸಿಸ್ ಆಗಿತ್ತು, ಮೂರನೆಯದು ಮರುದಿನ. ಕಿಡ್ನಿ ಸರಿಯಾಗಲು ಒಂದೂವರೆ ತಿಂಗಳು ಹಿಡಿಯಿತು.

ಅದಕ್ಕೇ ಹೇಳುವುದು, ‘ಮುಂದೆ ಯಾವ ಟೆಸ್ಟ್’ ಅನ್ನುವ ಪ್ರಶ್ನೆಯೇ ಸರಿಯಲ್ಲ. ಪ್ಲೇಟ್‌ಲೆಟ್ ಲೆಕ್ಕ ಹಿಡಿದು ಕೂರಬೇಡಿ. ಡೆಂಗ್ಯೂ, ಮಲೇರಿಯಾ, ಇಲಿಜ್ವರ ಎಲ್ಲದರಲ್ಲೂ ಅದು ಇಳಿಯುತ್ತದೆ. ನಿಮ್ಮ ಅಪ್ಪ ಕಳೆದ ಎರಡು ಮೂರು ವಾರದಲ್ಲಿ ಗದ್ದೆಗೆ, ತೋಡಿಗೆ, ಹಟ್ಟಿಗೆ ಬರಿಗಾಲಲ್ಲಿ ಇಳಿದಿದ್ದರಾ? ಕಾಲಲ್ಲಿ ಗಾಯ ಇದೆಯಾ? ಜ್ವರ ಬಂದ ತಾರೀಕು, ರಕ್ತ ಕೊಟ್ಟ ತಾರೀಕು ಎರಡನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ಡಾಕ್ಟರಿಗೆ ಫೋನ್ ಮಾಡಬೇಡಿ, ಅಪ್ಪನನ್ನೇ ಕರೆದುಕೊಂಡು ಹೋಗಿ ತೋರಿಸಿ. ಕಣ್ಣು ಕೆಂಪಾಗಿದ್ದರೆ, ಹಳದಿಯಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಉಸಿರು ಕಟ್ಟುತ್ತಿದ್ದರೆ ನಾಳೆವರೆಗೂ ಕಾಯಬೇಡಿ, ಈ ರಾತ್ರಿಯೇ ಹೊರಡಿ.

ಹೋಗಿ ಬಂದ ಮೇಲೆ ಏನಾಯಿತು ಅಂತ ದಯವಿಟ್ಟು ಇಲ್ಲಿ ಒಂದು ಸಾಲು ಬರೆಯಿರಿ. ನೋಡುತ್ತಾ ಇರುತ್ತೇನೆ.