ಓದುಗರ ಪ್ರಶ್ನೆ–ಉತ್ತರ: ಚಹಾ ತೋಟದ ಹಿಂದಿನ ಬೆಟ್ಟ

ಪ್ರಶ್ನೆ: ನಾವು ತುಮಕೂರಿನ ಐವರು ಗೆಳೆಯರು. ದೇವರಾಯನದುರ್ಗ, ಸಿದ್ದರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ ಕೋಟೆಗಳನ್ನು ಹಲವು ಸಲ ಹತ್ತಿದ್ದೇವೆ. ನಮ್ಮಲ್ಲೊಬ್ಬನ ಸೋದರಮಾವ ಕೂನೂರಿನ ಕಡೆಯ ಚಹಾ ತೋಟವೊಂದರಲ್ಲಿ ಕೆಲಸದಲ್ಲಿದ್ದಾರೆ. ಆ ತೋಟದ ಹಿಂದಿನ ಬೆಟ್ಟಕ್ಕೆ ಮೊದಲೆಲ್ಲ ಜನ ಹೋಗಿಬರುತ್ತಿದ್ದರಂತೆ. ಈಗ ಯಾರೂ ಹೋಗದೆ ದಾರಿಯೆಲ್ಲ ಗಿಡಗಂಟಿ ಬೆಳೆದು ಮುಚ್ಚಿದೆಯಂತೆ. ಒಂದೇ ದಿನದಲ್ಲಿ ಹತ್ತಿ ಇಳಿಯಬಹುದೇ? ನಮ್ಮ ಕಡೆಯ ಬೆಟ್ಟಗಳಿಗೂ ಅದಕ್ಕೂ ಏನು ವ್ಯತ್ಯಾಸ?
— ತುಮಕೂರಿನ ಓದುಗರು

ಉತ್ತರ: ಮೊದಲು ಆ ಬೆಟ್ಟ ಯಾರ ಸುಪರ್ದಿನಲ್ಲಿದೆ ಎಂದು ತಿಳಿದುಕೊಳ್ಳಿ. ನೀಲಗಿರಿಯಲ್ಲಿ ಚಹಾ ಗಿಡಗಳ ಕೊನೆಯ ಸಾಲಿನವರೆಗೆ ತೋಟದವರ ಜಾಗವಾದರೆ, ಅದರಾಚೆ ಮರಗಳು ಆರಂಭವಾಗುವಲ್ಲಿಂದ ಸಾಮಾನ್ಯವಾಗಿ ಮೀಸಲು ಅರಣ್ಯ. ನಿಮ್ಮ ಗೆಳೆಯರ ಸೋದರಮಾವ ತೋಟದೊಳಗೆ ನಡೆಯಲು ವ್ಯವಸ್ಥಾಪಕರ ಒಪ್ಪಿಗೆ ಕೊಡಿಸಬಲ್ಲರು. ಕಾಡಿನೊಳಗೆ ಕಾಲಿಡಲು ಆ ವಲಯದ ಅರಣ್ಯ ಕಚೇರಿಯ ಅನುಮತಿಯೇ ಬೇಕು. ಅಲ್ಲಿ ಬೇಡವೆಂದರೆ ಆ ಬೆಟ್ಟದ ಆಸೆಯನ್ನು ಬಿಟ್ಟುಬಿಡಿ. ಈ ಬಿಗಿಗೆ ಕಾರಣವಿದೆ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ, ಕೊಳುಕ್ಕುಮಲೈ ಚಹಾ ತೋಟದ ಕಡೆಯಿಂದ ಇಳಿಯುತ್ತಿದ್ದ ಚಾರಣಿಗರನ್ನು ಒಣಹುಲ್ಲಿಗೆ ಹತ್ತಿದ ಬೆಂಕಿ ಸುತ್ತುವರಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ನಿಮ್ಮ ಹಾಗೆಯೇ ರಜಾದಿನದಲ್ಲಿ ಬೆಟ್ಟ ನೋಡಲು ಹೋದ ಯುವಜನರು. ಆ ಬಳಿಕ ತಮಿಳುನಾಡು ಚಾರಣಕ್ಕೆ ನಿಯಮಗಳನ್ನು ರೂಪಿಸಿತು. 2024ರ ಅಕ್ಟೋಬರ್‌ನಲ್ಲಿ ‘ಟ್ರೆಕ್ ತಮಿಳುನಾಡು’ ಯೋಜನೆಯಡಿ 40 ಹಾದಿಗಳನ್ನು ಆನ್‌ಲೈನ್ ಬುಕಿಂಗ್ ಮೂಲಕ ತೆರೆದು, ಸ್ಥಳೀಯರನ್ನೇ ಮಾರ್ಗದರ್ಶಕರನ್ನಾಗಿ ನೇಮಿಸಿತು. ನಿಮ್ಮ ಬೆಟ್ಟಕ್ಕೆ ಅನುಮತಿ ಸಿಗದಿದ್ದರೆ ಆ ಪಟ್ಟಿಯಲ್ಲಿರುವ ನೀಲಗಿರಿಯ ಹಾದಿಗಳಲ್ಲೊಂದನ್ನು ಆರಿಸಿಕೊಳ್ಳಿ. ಅವುಗಳಲ್ಲಿ ಕೆಲವು ಇಂದಿಗೂ ನಿರ್ಜನವಾಗಿಯೇ ಇವೆ.

ಈಗ ವ್ಯತ್ಯಾಸದ ವಿಷಯಕ್ಕೆ ಬರೋಣ. ನಮ್ಮ ಕಡೆಯ ಬೆಟ್ಟಗಳು ಬಹುಪಾಲು ಬೋಳು ಬಂಡೆಗಳು. ಮಧುಗಿರಿಯ ಏಕಶಿಲೆಯ ಮೇಲೆ ಕಡಿದಾದ ಜಾಗದಲ್ಲಿ ಎದೆ ಝಲ್ಲೆನ್ನಬಹುದು, ಆದರೆ ದಾರಿ ತಪ್ಪುವ ಭಯವಿಲ್ಲ: ಹಿಂದಿರುಗಿ ನೋಡಿದರೆ ನೀವು ಬಂದ ಬಾಗಿಲು, ಕೆಳಗಿನ ಊರು, ಕೆರೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಚಹಾ ಸೀಮೆಯ ಬೆಟ್ಟದಲ್ಲಿ ಕೆಳಗಿನಿಂದ ಶಿಖರ ಸ್ಪಷ್ಟವಾಗಿ ಕಾಣುತ್ತದೆ. ತೋಟ ದಾಟಿ ಹತ್ತು ಮಾರು ಒಳಗೆ ಹೋದೊಡನೆ ಶಿಖರವೂ ಇಲ್ಲ, ತೋಟವೂ ಇಲ್ಲ. ಜನರ ಓಡಾಟ ನಿಂತ ಕಾಲುದಾರಿಯನ್ನು ಕೆಳ ಇಳಿಜಾರಿನಲ್ಲಿ ಲಂಟಾನ, ಮೇಲೆ ಬಂದಂತೆ ವ್ಯಾಟಲ್ ಪೊದೆ ಮತ್ತು ಮುಳ್ಳುಬಳ್ಳಿಗಳು ಕೆಲವೇ ಮಳೆಗಾಲಗಳಲ್ಲಿ ನುಂಗಿಬಿಡುತ್ತವೆ. ಅವುಗಳ ನಡುವೆ ತುರಚೆ ಗಿಡವೂ ಇರುತ್ತದೆ. ಎಲೆ ತಗುಲಿದ ಕೈ ಗಂಟೆಗಟ್ಟಲೆ ಉರಿಯುತ್ತದೆ. ದಾರಿಯಂತೆ ತೋರುವ ಸಂದುಗಳಲ್ಲಿ ಎಷ್ಟೋ ಕಾಡುಕೋಣ, ಹಂದಿಗಳು ನಡೆದು ಮಾಡಿದವು. ಅವು ನೀರಿಗೋ ಮೇವಿಗೋ ಹೋಗುತ್ತವೆಯೇ ಹೊರತು ಶಿಖರಕ್ಕಲ್ಲ. ಈ ಕಾರಣದಿಂದ ಅಂಥ ಬೆಟ್ಟದಲ್ಲಿ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹತ್ತುವಾಗ ಎಲ್ಲ ದಾರಿಗಳೂ ಒಂದು ತುದಿಯತ್ತ ಕೂಡಿಕೊಳ್ಳುತ್ತವೆ. ಇಳಿಯುವಾಗ ಅವೇ ದಾರಿಗಳು ಕವಲೊಡೆಯುತ್ತವೆ, ತಪ್ಪಾಗಿ ಹಿಡಿದ ಏಣು (ಬೆಟ್ಟದ ಉದ್ದನೆಯ ಬೆನ್ನು) ನಿಮ್ಮನ್ನು ಬೇರೆಯದೇ ಕಣಿವೆಗೆ ಇಳಿಸುತ್ತದೆ.

ಆದ್ದರಿಂದ ಇಳಿಯುವ ಸಿದ್ಧತೆಯನ್ನು ಹತ್ತುವಾಗಲೇ ಮಾಡಬೇಕು. ಕವಲು ಬಂದಲ್ಲೆಲ್ಲ ನಿಂತು, ಹಿಂದಕ್ಕೆ ತಿರುಗಿ, ಮರಳುವಾಗ ಆ ಜಾಗ ಹೇಗೆ ಕಾಣುವುದೋ ಹಾಗೆ ಒಂದು ಚಿತ್ರ ತೆಗೆದುಕೊಳ್ಳಿ. ಎದೆಮಟ್ಟದ ಕೊಂಬೆಗೆ ಗಾಢ ಬಣ್ಣದ ಹತ್ತಿ ಬಟ್ಟೆಯ ಚೂರು ಕಟ್ಟಿ, ಇಳಿಯುವಾಗ ಒಂದನ್ನೂ ಬಿಡದೆ ಬಿಚ್ಚಿಕೊಂಡು ಬನ್ನಿ. ಮೊಬೈಲಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದೆಡೆಯೂ ನಡೆದ ಹಾದಿಯನ್ನು ಅದು ಗುರುತಿಸುತ್ತದೆ. ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಅದೊಂದನ್ನೇ ನಂಬಬೇಡಿ. ಮಚ್ಚು ಹಿಡಿದು ದಾರಿ ಬಿಡಿಸಿಕೊಳ್ಳುವ ಯೋಚನೆಯನ್ನು ಮಾತ್ರ ಖಂಡಿತ ಮಾಡಬೇಡಿ. ಮೀಸಲು ಅರಣ್ಯದಲ್ಲಿ ಗಿಡ ಕಡಿಯುವುದು ಅಪರಾಧ, ಮೇಲಾಗಿ ದಣಿದ ಕೈಯಲ್ಲಿ ಜಾರುವ ನೆಲದ ಮೇಲೆ ಬೀಸಿದ ಮಚ್ಚು ಬೀಳುವುದು ಸಾಮಾನ್ಯವಾಗಿ ತನ್ನ ಮೊಣಕಾಲಿಗೇ.

ಸಮಯದ ಲೆಕ್ಕ ಹೀಗೆ. ಒಳ್ಳೆಯ ಹಾದಿಯಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬುದು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ, ಇಂದಿಗೂ ಬಳಕೆಯಲ್ಲಿರುವ ಅಂದಾಜು. ನಿಮ್ಮ ಬೆಟ್ಟ ನಾಲ್ಕು ಕಿಲೋಮೀಟರ್ ದೂರ, 400 ಮೀಟರ್ ಏರು ಎಂದುಕೊಂಡರೆ ಒಂದೂವರೆ ಗಂಟೆ ಸಾಕೆಂದಾಯಿತು. ಮುಚ್ಚಿದ ದಾರಿಯಲ್ಲಿ ಅದನ್ನು ಮೂರರಿಂದ ಗುಣಿಸಿ, ಇಳಿಯಲೂ ಅಷ್ಟೇ ಸಮಯ ಇಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ತೋಟ ಬಿಟ್ಟರೆ, ಎಲ್ಲೇ ಇದ್ದರೂ ಹನ್ನೆರಡಕ್ಕೆ ಹಿಂದಿರುಗಬೇಕೆಂದು ಐವರೂ ಹೊರಡುವ ಮುನ್ನವೇ ಒಪ್ಪಿಕೊಳ್ಳಿ. ಶಿಖರ ಇನ್ನು ಇನ್ನೂರು ಅಡಿ ಉಳಿದಿದ್ದರೂ ಆ ಮಾತು ಬದಲಾಗಬಾರದು. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ, ಮರಗಳಡಿ ಅದಕ್ಕೂ ಒಂದು ಗಂಟೆ ಮೊದಲೇ ಕತ್ತಲಾಗುತ್ತದೆ.

ತುಮಕೂರಿನಿಂದ ಹೊರಟ ದಿನವೇ ಹತ್ತಲು ಸಾಧ್ಯವಿಲ್ಲ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುವುದರಿಂದ ಹಿಂದಿನ ದಿನವೇ ಹೋಗಿ ಕೂನೂರಿನಲ್ಲೋ ಕೋಟಗಿರಿಯಲ್ಲೋ ತಂಗಿರಿ. ಸ್ವಂತ ವಾಹನವಾದರೆ, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಜಾರಿಯಲ್ಲಿರುವ ನೀಲಗಿರಿ ಪ್ರವೇಶದ ಇ-ಪಾಸ್ ಪಡೆಯಬೇಕು. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೆ ನಿಷೇಧವಿರುವುದರಿಂದ ಸ್ಟೀಲ್ ಬಾಟಲಿಗಳನ್ನೇ ಒಯ್ಯಿರಿ. ತುಮಕೂರು ಸುಮಾರು 820 ಮೀಟರ್ ಎತ್ತರದಲ್ಲಿದ್ದರೆ ಕೂನೂರು 1850 ಮೀಟರ್ ಎತ್ತರದಲ್ಲಿದೆ. ನಮ್ಮೂರಿಗಿಂತ ಆರೇಳು ಡಿಗ್ರಿ ತಂಪು, ಗಾಳಿ ಬೀಸಿದರೆ ಇನ್ನೂ ಹೆಚ್ಚು.

ತಿಂಗಳನ್ನು ಆರಿಸುವಾಗಲೂ ಎಚ್ಚರ ಬೇಕು. ನೀಲಗಿರಿಯ ಪಶ್ಚಿಮದ ಗೂಡಲೂರು, ನಡುವಟ್ಟಂ ಭಾಗಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಜೋರು. ಪೂರ್ವದ ಕೂನೂರು, ಕೋಟಗಿರಿಗಳಿಗೆ ಅಕ್ಟೋಬರ್–ಡಿಸೆಂಬರ್‌ನ ಹಿಂಗಾರೇ ದೊಡ್ಡ ಮಳೆ. 2009ರ ನವೆಂಬರ್‌ನಲ್ಲಿ ಆ ಮಳೆಗೆ ಗುಡ್ಡಗಳು ಕುಸಿದು ಅನೇಕರು ಸತ್ತರು. ಫೆಬ್ರುವರಿ ನಡುವಿನಿಂದ ಏಪ್ರಿಲ್‌ವರೆಗೆ ಕಾಡ್ಗಿಚ್ಚಿನ ಭಯ. ಹೀಗಾಗಿ ನಿಮಗೆ ಉಳಿಯುವುದು ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಮೊದಲ ವಾರದವರೆಗಿನ ಅವಧಿ. ನನ್ನ ಮಟ್ಟಿಗೆ ಜನವರಿಯೇ ಅತ್ಯುತ್ತಮ: ಆಕಾಶ ತಿಳಿಯಾಗಿರುತ್ತದೆ, ನೆಲ ಒಣಗಿರುತ್ತದೆ.

ಪ್ರಶ್ನೆ: ಅಂತರಗಂಗೆಯ ಬೆಟ್ಟ ಹತ್ತಿ ಬೆಳೆದ ನಮಗೆ ಇಂಬಳದ (ಕಾಡಿನ ಜಿಗಣೆಯ) ಪರಿಚಯವೇ ಇಲ್ಲ. ಚಹಾ ಸೀಮೆಗೆ ಹೋದವರು ಅದರದ್ದೇ ಕಥೆ ಹೇಳಿ ಹೆದರಿಸುತ್ತಾರೆ. ಏನು ಮಾಡಬೇಕು?
— ಕೋಲಾರದ ಓದುಗರು

ಉತ್ತರ: ಹೆದರಬೇಕಾದ ಜೀವಿ ಅದಲ್ಲ. ಇಂಬಳ ಒದ್ದೆ ತರಗೆಲೆಯಲ್ಲಿ ಕಾದಿದ್ದು, ನೆಲದ ಅದುರು ಮತ್ತು ಉಸಿರಿನಿಂದ ನಿಮ್ಮನ್ನು ಪತ್ತೆ ಮಾಡುತ್ತದೆ. ಜನವರಿಯ ಒಣ ದಿನಗಳಲ್ಲಿ ತೊರೆಯ ಅಂಚು ಬಿಟ್ಟರೆ ಅಷ್ಟಾಗಿ ಸಿಗುವುದಿಲ್ಲ. ಉದ್ದನೆಯ ದಪ್ಪ ಕಾಲುಚೀಲದೊಳಗೆ ಪ್ಯಾಂಟನ್ನು ಸೇರಿಸಿ, ಚೀಲವನ್ನು ಉಪ್ಪುನೀರಿನಲ್ಲಿ ನೆನೆಸಿ ಒಣಗಿಸಿದ್ದರೆ ಅಥವಾ ಮೇಲೆ ನಶ್ಯದ ಪುಡಿ ಸವರಿದ್ದರೆ ಅರ್ಧ ಕೆಲಸವಾದಂತೆ. ಕಚ್ಚಿದರೆ ಕಿತ್ತೆಳೆಯಬೇಡಿ, ಬೆಂಕಿ ತಾಗಿಸಬೇಡಿ. ಅದರ ತೆಳುವಾದ ತುದಿಯ ಬಳಿ ಚರ್ಮಕ್ಕೆ ಉಗುರೊತ್ತಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಗಾಯ ಚಿಕ್ಕದಾದರೂ ಬಹಳ ಹೊತ್ತು ಒಸರುತ್ತದೆ. ಸೋಪು ಹಾಕಿ ತೊಳೆದು ಬಟ್ಟೆ ಒತ್ತಿ ಕಟ್ಟಿದರೆ ಸಾಕು. ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಹೊರಡುವ ಮುನ್ನ ವೈದ್ಯರನ್ನು ಕೇಳಬೇಕು.

ಪ್ರಶ್ನೆ: ಚಹಾ ತೋಟದಲ್ಲಿ ಕಾಡುಪ್ರಾಣಿಗಳು ನಿಜವಾಗಿಯೂ ಎದುರಾಗುತ್ತವೆಯೇ?
— ಚಿಂತಾಮಣಿಯ ಓದುಗರು

ಉತ್ತರ: ಎದುರಾಗುತ್ತವೆ, ಅದೂ ಕಾಡಿಗಿಂತ ತೋಟದಲ್ಲೇ ಹೆಚ್ಚು. ಕೂನೂರು, ಕೋಟಗಿರಿಯ ತೋಟಗಳಲ್ಲಿ ಕಾಡುಕೋಣಗಳು ಹಗಲಲ್ಲೇ ಮೇಯುತ್ತವೆ. ಜನರನ್ನು ನೋಡಿ ಅಭ್ಯಾಸವಾದ ಅವು ಸಾಧುವಾಗಿ ಕಂಡರೂ ಹತ್ತಿರ ಹೋದವರ ಮೇಲೆ ನುಗ್ಗಿದ್ದುಂಟು. ಎಲೆ ಕೀಳಲು ಅನುಕೂಲವಾಗುವಂತೆ ಸೊಂಟದ ಎತ್ತರಕ್ಕೆ ಕತ್ತರಿಸಿದ ಗಿಡಗಳ ನಡುವೆ ಮಲಗಿದ ಕಾಡುಕೋಣ ಹತ್ತಿರ ಬರುವವರೆಗೂ ಕಾಣದಿರಬಹುದು. ಸಾಲುಗಳ ನಡುವೆ ಅಡ್ಡಹಾಯದೆ ತೋಟದ ರಸ್ತೆಯಲ್ಲೇ ನಡೆಯಿರಿ. ಮಣ್ಣು, ನೀರು ತಡೆಯಲು ತೋಡಿದ ಚರಂಡಿಗಳು ಎಲೆಗಳಡಿ ಮರೆಯಾಗಿ ಕಾಲು ಉಳುಕಿಸುವುದರಿಂದಲೂ ಈ ಮಾತು ಹೇಳುತ್ತಿದ್ದೇನೆ. ಕರಡಿಯ ಸ್ವಭಾವ ನಮ್ಮ ಬಯಲುಸೀಮೆಯವರಿಗೆ ಗೊತ್ತಿರುವಂಥದ್ದೇ: ಪೊದೆಯೊಳಗೆ ಹೋಗುವ ಮುನ್ನ ಮಾತಾಡುತ್ತ, ಕೋಲು ತಟ್ಟುತ್ತ ಸಾಗಿದರೆ ಅದೇ ಸರಿದುಹೋಗುತ್ತದೆ. ಮೆಟ್ಟುಪಾಳ್ಯಂ ಕಡೆಗಿನ ಇಳಿಜಾರಿನಲ್ಲಿ ಆನೆಗಳಿವೆ. ಹಸಿ ಲದ್ದಿ ಕಂಡರೆ ಆ ದಿನ ಹಿಂದಿರುಗುವುದೇ ಸರಿ. ಬಂಡೆಗೆ ಹೆಜ್ಜೇನು ಕಟ್ಟಿದ್ದರೆ ಸುಗಂಧದ್ರವ್ಯ, ಹೊಗೆ, ಗದ್ದಲ ಮೂರೂ ಬೇಡ.

ಪ್ರಶ್ನೆ: ಕರ್ನಾಟಕದಲ್ಲೇ ಚಹಾ ತೋಟದ ನಡುವಿನ ಬೆಟ್ಟ ಹತ್ತಬಹುದೇ? ಅಷ್ಟು ದೂರ ಹೋಗಲು ನಮಗೆ ಅನುಕೂಲವಿಲ್ಲ.
— ಗೌರಿಬಿದನೂರಿನ ಶಿಕ್ಷಕಿ

ಉತ್ತರ: ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ ಸಂಸೆಯ ಸುತ್ತ ಚಹಾ ತೋಟಗಳಿವೆ. ಅಲ್ಲಿಂದ ಹತ್ತುವ ಕುದುರೆಮುಖ ಶಿಖರ 1890 ಮೀಟರ್‌ಗೂ ಎತ್ತರ; ಹೋಗಿಬರಲು ಸುಮಾರು 20 ಕಿಲೋಮೀಟರ್ ನಡಿಗೆ. ನಿರ್ಜನವೆಂದು ಮಾತ್ರ ಹೇಳಲಾರೆ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ನೋಂದಣಿ ಕಡ್ಡಾಯ, ದಿನಕ್ಕೆ ಇಷ್ಟೇ ಜನರೆಂಬ ಮಿತಿಯಿದೆ. ಮಲೆನಾಡಿನ ಕಾಡಿನಲ್ಲಿ ಉಣ್ಣೆಗಳ ಬಗ್ಗೆ ಜಾಗ್ರತೆ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಅವುಗಳ ಕಡಿತದಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಮಕ್ಕಳನ್ನು ಕರೆದೊಯ್ಯುವುದಾದರೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಆ ವರ್ಷದ ಪರಿಸ್ಥಿತಿ ವಿಚಾರಿಸಿ, ಮರಳಿದ ಸಂಜೆಯೇ ಬಿಸಿನೀರಿನ ಸ್ನಾನ ಮಾಡಿಸಿ ಮೈಯನ್ನೆಲ್ಲ ಪರೀಕ್ಷಿಸಿ. ಎರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ.

ಪ್ರಶ್ನೆ: ಮಂಜು ಕವಿದು ದಾರಿಯೇ ಕಾಣದಂತಾದರೆ?
— ಶಿರಾದ ಓದುಗರು

ಉತ್ತರ: ನಿಲ್ಲಬೇಕು. ದಾರಿ ತಪ್ಪಿದವರು ಮೊದಲು ಮಾಡುವುದು ಕೆಳಗೆ ಕೇಳಿಸುವ ನೀರಿನ ಸದ್ದು ಹಿಡಿದು ಇಳಿಯುವುದು. ನೀಲಗಿರಿಯ ಪೂರ್ವದ ಅಂಚಿನಲ್ಲಿ ಅಂಥ ತೊರೆಗಳು ನೇರವಾಗಿ ಪ್ರಪಾತಕ್ಕೆ ಧುಮುಕುತ್ತವೆ. ಕೊನೆಯ ಬಟ್ಟೆಯ ಗುರುತು ಕಂಡಲ್ಲಿಗೆ ಮರಳಿ, ಎಲ್ಲರೂ ಒಟ್ಟಿಗೆ ಕೂತು, ಸ್ವೆಟರ್ ಮತ್ತು ಮಳೆಯಂಗಿ ಹಾಕಿಕೊಂಡು ಕಾಯಿರಿ. ಬೆಟ್ಟದ ಮಂಜು ಎಷ್ಟೋ ಸಲ ಅರ್ಧ ಗಂಟೆಯಲ್ಲಿ ಸರಿಯುತ್ತದೆ. ಸರಿಯದಿದ್ದರೆ, ಬೆಳಕಿರುವಾಗಲೇ 112ಕ್ಕೆ ಕರೆ ಮಾಡಿ. ಸಂಪರ್ಕ ಸಿಗದಿದ್ದರೆ ಒಂದು ನಿಮಿಷದಲ್ಲಿ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಗೆಯೇ ಊದುತ್ತಿರಿ. ಇಂಥ ಹೊತ್ತಿಗಾಗಿ ಹೊರಡುವಾಗಲೇ ತೋಟದ ಒಬ್ಬರಿಗೆ ನೀವು ಹಿಡಿಯುವ ಏಣು, ಜೊತೆಯಲ್ಲಿರುವವರ ಸಂಖ್ಯೆ, ಮರಳುವ ಹೊತ್ತು ಬರೆದುಕೊಟ್ಟಿರಬೇಕು. ಅಲ್ಲಿನ ಬಡಗ ಸಮುದಾಯದವರ ಮಾತು ಕನ್ನಡಕ್ಕೆ ಬಹಳ ಹತ್ತಿರವಿದ್ದು, ನಿಧಾನವಾಗಿ ಹೇಳಿದರೆ ನಮ್ಮ ಮಾತು ಅವರಿಗೆ ತಿಳಿಯುತ್ತದೆ. ಆ ಚೀಟಿಯಲ್ಲಿ ಬರೆದ ಹೊತ್ತು ಮೀರಿದ ಎರಡು ಗಂಟೆಗೆ ಅರಣ್ಯ ಕಚೇರಿಗೆ ತಿಳಿಸುವಂತೆ ಅವರನ್ನು ಕೇಳಿಕೊಳ್ಳಿ, ಕೆಳಗಿಳಿದೊಡನೆ ನೀವೇ ಹೋಗಿ ಬಂದೆವೆಂದು ಹೇಳಿ.