ಕಾಲೇಜಿಂದ ಕಾಲೇಜಿಗೆ, ವಿಷಯದಿಂದ ವಿಷಯಕ್ಕೆ ಗ್ರೇಡ್ ಯಾಕೆ ಬದಲಾಗುತ್ತದೆ?

ಎಲ್ಲರಿಗೂ ಒಂದೇ ಅಳತೆಗೋಲು ಇಲ್ಲ, ಅದಕ್ಕೆ. ಪಾಠ ಮಾಡಿದವರೇ ಗ್ರೇಡನ್ನೂ ಕೊಡುವ ಕಡೆ ಅವರ ವಿಭಾಗದ ರೂಢಿಯೇ ಕಾನೂನು.

ಭೌತಶಾಸ್ತ್ರದ ಲೆಕ್ಕ ತಪ್ಪಾದರೆ ತಪ್ಪೇ. ಅಂಕ ಕತ್ತರಿಸಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಸಾಹಿತ್ಯದ ಪ್ರಬಂಧಕ್ಕೆ 'ಬಿ' ಕೊಟ್ಟರೆ ಮಾತ್ರ, 'ಎ' ಯಾಕಿಲ್ಲ ಅಂತ ಕೇಳಿದವರಿಗೆಲ್ಲ ಮೇಷ್ಟ್ರು ವಿವರಣೆ ಕೊಡುತ್ತಾ ಕೂರಬೇಕು. ಸುಮ್ನೆ 'ಎ' ಕೊಟ್ಟುಬಿಡುವುದೇ ಸುಲಭ ಅಲ್ವಾ? ಇನ್ನೊಂದು, ಮೊದಲ ವರ್ಷದ ರಸಾಯನಶಾಸ್ತ್ರಕ್ಕೆ ವಿದ್ಯಾರ್ಥಿಗಳು ತುಂಬಿ ತುಳುಕುತ್ತಾರೆ, ಅಲ್ಲಿ ಬಿಗಿ ಮಾಡಿದರೂ ನಡೆಯುತ್ತದೆ. ನಾಲ್ಕೇ ಜನ ಸೇರುವ ವಿಭಾಗಕ್ಕೆ ಅವರನ್ನೂ ಓಡಿಸುವ ಧೈರ್ಯ ಇರುವುದಿಲ್ಲ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಇದನ್ನು ಸರಿ ಮಾಡಲು ಹೊರಟಿತ್ತು. 'ಎ' ದರ್ಜೆಯ ಗ್ರೇಡ್‌ಗಳು ಶೇ. 35 ದಾಟಬಾರದು ಅಂತ 2004ರಲ್ಲಿ ಎಲ್ಲ ವಿಭಾಗಗಳಿಗೂ ಗುರಿ ಇಟ್ಟಿತು. ಆದರೆ ಬೇರೆ ಕಡೆ ಧಾರಾಳವಾಗಿ ಹಂಚುತ್ತಿರುವಾಗ ತಮಗೊಬ್ಬರಿಗೇ ಪೆಟ್ಟು ಅಂತ ವಿದ್ಯಾರ್ಥಿಗಳು ಗೊಣಗಿದರು, ಗೊಣಗಿದ್ದು ನ್ಯಾಯವೇ. 2014ರಲ್ಲಿ ಗುರಿ ಕೈಬಿಟ್ಟರು.

ಎರಡು ಕಡೆಯ ಗ್ರೇಡ್ ಹೋಲಿಸಲೇಬೇಕಾದರೆ ಆ ತರಗತಿಯಲ್ಲಿ ಹೆಚ್ಚಿನವರಿಗೆ ಏನು ಬಂದಿತ್ತು ಅಂತಲೂ ನೋಡಿ. ಕೆಲವು ಕಾಲೇಜುಗಳು ಅದನ್ನು ಅಂಕಪಟ್ಟಿಯಲ್ಲೇ ಮುದ್ರಿಸುತ್ತವೆ.