ಸ್ಟಂಪಿನ ಹಿಂದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಂಗ್ಲೆಂಡಿನ ಒಬ್ಬ ಕೀಪರ್ ಹತ್ತು ವರ್ಷ ‘ಮೈನರ್ ಕೌಂಟಿ’ ಆಡಿದ ಅಂತ ಓದಿದೆ. ದಾಖಲೆ ತೆಗೆದು ನೋಡಿದ್ರ ಮೂರೇ ಮ್ಯಾಚ್, ಎರಡೇ ಕ್ಯಾಚ್! ಯಾವುದು ಖರೇ?
– ಓದುಗರು, ಕಲಬುರಗಿ

ಉತ್ತರ: ಎರಡೂ ಖರೇ. ಇಲ್ಲಿ ಮೈನರ್ ಅಂದರೆ ಹುಡುಗರಲ್ಲ, ಪ್ರಥಮ ದರ್ಜೆ (ದೊಡ್ಡ ಮಟ್ಟದ, ಹಲವು ದಿನಗಳ ಪಂದ್ಯ) ಮಾನ್ಯತೆ ಇಲ್ಲದ ಕೌಂಟಿಗಳು, ಅಂದರೆ ಅಲ್ಲಿನ ಪ್ರಾಂತ್ಯಗಳ ತಂಡಗಳು. 1895ರಲ್ಲಿ ಶುರುವಾದ ಅವರ ಚಾಂಪಿಯನ್‌ಶಿಪ್‌ಗೆ 2020ರಿಂದ ‘ನ್ಯಾಷನಲ್ ಕೌಂಟೀಸ್’ ಎಂಬ ಹೆಸರು. ಅಲ್ಲಿ ನೂರು ಕ್ಯಾಚ್ ಹಿಡಿದರೂ ಪ್ರಥಮ ದರ್ಜೆ ಕಾಲಂಗೆ ಒಂದೂ ಸೇರುವುದಿಲ್ಲ. ನೀವು ಕಂಡ ಮೂರು ಪಂದ್ಯ ಬಹುಶಃ ‘ಲಿಸ್ಟ್ ಎ’, ಅಂದರೆ ದೊಡ್ಡ ಮಟ್ಟದ ಸೀಮಿತ ಓವರ್ ಪಂದ್ಯಗಳ ಕಾಲಂನವು. ಜಿಲೆಟ್ ಕಪ್, ಆಮೇಲೆ ನ್ಯಾಟ್‌ವೆಸ್ಟ್ ಟ್ರೋಫಿಯಂಥ ನಾಕೌಟ್‌ಗಳಲ್ಲಿ ಈ ತಂಡಗಳಿಗೂ ದೊಡ್ಡ ಕೌಂಟಿಗಳ ಎದುರು ಆಡುವ ಅವಕಾಶವಿತ್ತು. ಮೊದಲ ಸುತ್ತಿನಲ್ಲೇ ಸೋತರೆ ಆ ವರ್ಷದ ಲೆಕ್ಕ ಒಂದೇ ಪಂದ್ಯ. ಹೆಚ್ಚಾಗಿ ಸೋಲುತ್ತಿದ್ದರು ಕೂಡ. ಆದರೂ 1973ರಲ್ಲಿ, ಆಗಿನ್ನೂ ಮೈನರ್ ಆಗಿದ್ದ ಡರ್ಹಮ್ ದೊಡ್ಡ ಕೌಂಟಿ ಯಾರ್ಕ್‌ಷೈರನ್ನು ಕೆಡವಿತು. ಆ ಡರ್ಹಮ್‌ಗೆ ಪ್ರಥಮ ದರ್ಜೆ ಸಿಕ್ಕಿದ್ದು 1992ರಲ್ಲಿ.

ನಮ್ಮ ರಾಯಚೂರು ವಲಯದ ಲೀಗ್ ಕೀಪರ್‌ನ ಲೆಕ್ಕವೂ ಇಷ್ಟೇ: ರಣಜಿಯಂಥ ಪ್ರಥಮ ದರ್ಜೆ ಪಂದ್ಯ ಆಡದಿದ್ದರೆ ಆ ದರ್ಜೆಯ ಕಾಲಂ ಖಾಲಿ. ಕೀಪರ್‌ಗೆ ಇನ್ನೊಂದು ತೊಡಕು, ಹನ್ನೊಂದು ಜನರಲ್ಲಿ ಅವನ ಜಾಗ ಒಂದೇ. ಮೇಲಿನ ತಂಡದ ಕೀಪರ್ ಗಟ್ಟಿಮುಟ್ಟಾಗಿದ್ದರೆ ಇವನು ಕಾಯುತ್ತಲೇ ಇರಬೇಕು.

ಪ್ರಶ್ನೆ: ಮಗನಿಗೆ 14 ವರ್ಷ, ಮ್ಯಾಟಿಂಗ್ ಪಿಚ್ ಮೇಲೆ ಕೀಪಿಂಗ್ ಮಾಡ್ತಾನ್ರಿ. ಬೆರಳು ಬಾವು ಬರ್ತಾವ. ದುಬಾರಿ ಗ್ಲೌಸ್ ಕೊಡಸಬೇಕೇನ್ರಿ?
– ಓದುಗರು, ಹುಮನಾಬಾದ್

ಉತ್ತರ: ಬೆರಳು ಪದೇ ಪದೇ ಬಾಯುವುದಾದರೆ ಮೊದಲು ಡಾಕ್ಟರಿಗೆ ತೋರಿಸಿ, ಗ್ಲೌಸ್ ಆಮೇಲೆ. ಹೆಚ್ಚಿನ ಸಲ ತಪ್ಪು ಕೈಯದು. ಬೆರಳ ತುದಿ ಚೆಂಡಿಗೆ ಎದುರಾಗಿದ್ದರೆ ಪೆಟ್ಟು ಕೀಲಿಗೇ ಬೀಳುತ್ತದೆ. ಸೊಂಟದ ಕೆಳಗಿನ ಚೆಂಡಿಗೆ ಬೆರಳು ನೆಲದ ಕಡೆ, ಎದೆಮಟ್ಟದ ಚೆಂಡಿಗೆ ಪಕ್ಕಕ್ಕೆ ಅಥವಾ ಮೇಲಕ್ಕೆ ಇರಲಿ. ಹಿಡಿಯುವಾಗ ಮೊಣಕೈ ಸಡಿಲ ಬಿಟ್ಟು ಚೆಂಡಿನ ಜೊತೆ ಕೈ ಹಿಂದಕ್ಕೆ ಬರಬೇಕು.

ಮ್ಯಾಟ್ ಮೇಲೆ ಪುಟಿತ ಹೆಚ್ಚು. ಕೂತವನು ಬೇಗ ಎದ್ದುಬಿಟ್ಟರೆ ಮತ್ತೆ ಕೈ ಕೆಳಗಿಳಿಸುವಷ್ಟರಲ್ಲಿ ಚೆಂಡು ಬೆರಳಿಗೆ ತಾಗಿರುತ್ತದೆ. ಚೆಂಡು ನೆಲಕ್ಕೆ ತಾಗಿ ಪುಟಿದ ಮೇಲೆ, ಅದರ ಜೊತೆಗೇ ಏಳಲಿ. ವೇಗಿಗೆ ಎಷ್ಟು ಹಿಂದೆ ನಿಲ್ಲಬೇಕು? ಹೆಜ್ಜೆ ಎಣಿಸಬೇಡಿ, ಚೆಂಡು ಏರಿ ಇಳಿಯತೊಡಗಿ ಸೊಂಟಮಟ್ಟದಲ್ಲಿ ಕೈಗೆ ಬರುವ ಜಾಗವೇ ಸರಿ. ಮ್ಯಾಟಿನ ಮೊಳೆ ಸಡಿಲಾಗಿ ಸುಕ್ಕು ಬಿದ್ದಿದ್ದರೆ ಮಾತ್ರ ಯಾವ ಲೆಕ್ಕವೂ ನಡೆಯದು. ಎಳೆದು ಬಿಗಿಸಿಯೇ ಆಟ ಶುರು ಮಾಡಿ.

ದುಬಾರಿ ಗ್ಲೌಸಿಗಿಂತ ಎರಡು ಜೊತೆ ಇನ್ನರ್ (ಗ್ಲೌಸೊಳಗೆ ತೊಡುವ ತೆಳು ಕೈಚೀಲ) ಕೊಡಿಸಿ. ಮೇ ತಿಂಗಳ ಬಿಸಿಲಲ್ಲಿ ಒಂದು ಜೊತೆ ಬೆವರಿಗೆ ತೊಯ್ದು ಗ್ಲೌಸೊಳಗೆ ಜಾರುತ್ತದೆ. ನೀರಿನ ವಿರಾಮದಲ್ಲಿ ಬದಲಿಸಲಿ. ಗ್ಲೌಸನ್ನು ಬಿಸಿಲಿಗೆ ಒಣಹಾಕಿದರೆ ಅಂಗೈಯ ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿಡಿ. ದಿನಾ ಬರೀ ಇನ್ನರ್ ತೊಟ್ಟು ಗೋಡೆಗೆ ಟೆನಿಸ್ ಚೆಂಡು ಎಸೆದು 50 ಸಲ ಹಿಡಿಯಲಿ.

ಪ್ರಶ್ನೆ: ಸ್ಟಂಪಿಂಗ್ ಆದರೂ ಅಂಪೈರ್ ನೋಬಾಲ್ ಕೊಟ್ಟರು. ಗ್ಲೌಸಿನ ತುದಿ ಮುಂದೆ ಇತ್ತಂತೆ. ಸರಿಯೇ?
– ಓದುಗರು, ಶಹಾಪುರ

ಉತ್ತರ: ಸರಿ. ಚೆಂಡು ಬ್ಯಾಟಿಗೋ ಬ್ಯಾಟರ್ ಮೈಗೋ ತಾಗುವವರೆಗೆ, ಇಲ್ಲವೇ ಸ್ಟಂಪ್ ದಾಟುವವರೆಗೆ, ಅಥವಾ ಬ್ಯಾಟರ್ ರನ್ನಿಗೆ ಓಡುವವರೆಗೆ ಕೀಪರ್ ಪೂರ್ತಿಯಾಗಿ ಸ್ಟಂಪಿನ ಹಿಂದಿರಬೇಕು. ನೋಬಾಲಿಗೆ ಸ್ಟಂಪಿಂಗ್ ಇಲ್ಲ.